ಕಡಲೆಕಾಯಿಗೆ ಐದು ಸ್ಟಾರ್, ಬಾವುಟಕ್ಕೆ ಒಂದು

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಯ ಬೇಯಿಸಿದ ಕಡಲೆಕಾಯಿ ಬಹಳ ಚೆನ್ನಾಗಿದೆ. ಸೌತ್ ಕೆರೊಲಿನಾದಲ್ಲಿ ಕೊಲಂಬಿಯಾದಿಂದ ಚಾರ್ಲ್ಸ್‌ಟನ್ ಕಡೆ ಹೋಗುವ ಐ-26 ಹೆದ್ದಾರಿಯಿಂದ ಸ್ವಲ್ಪ ಒಳಗೆ ಹೋದರೆ ಸಿಗುತ್ತೆ. ಹೆಸರು ಬೇಕಂತಲೇ ಹಾಕುತ್ತಿಲ್ಲ. ತಗಡಿನ ಚಾವಣಿ, ಪೀಚ್ ಹಣ್ಣಿನ ಬುಟ್ಟಿಗಳು, ಬಾಗಿಲ ಪಕ್ಕದಲ್ಲೇ ಎರಡು ದೊಡ್ಡ ಪಾತ್ರೆಗಳಲ್ಲಿ ಕಡಲೆಕಾಯಿ ಕುದಿಯುತ್ತಿರುತ್ತೆ. ಒಂದರಲ್ಲಿ ಬರೀ ಉಪ್ಪು, ಇನ್ನೊಂದರಲ್ಲಿ ಕೇಜನ್ ಮಸಾಲೆ. ದೊಡ್ಡ ಕಪ್ಪಿಗೆ 6 ಡಾಲರ್. ಇಲ್ಲಿಯವರು ಗಂಟೆಗಟ್ಟಲೆ ಬೇಯಿಸುತ್ತಾರೆ, ಹಾಗಾಗಿ ಸಿಪ್ಪೆ ಒತ್ತಿದರೆ ಸಾಕು, ಉಪ್ಪುನೀರು ಮೊಣಕೈವರೆಗೂ ಇಳಿಯುತ್ತೆ. 2006ರಲ್ಲಿ ಕಾನೂನು ಮಾಡಿ ಇದನ್ನು ರಾಜ್ಯದ ಅಧಿಕೃತ ತಿಂಡಿ ಅಂತ ಘೋಷಿಸಿದರಂತೆ. ಸರಿಯಾಗೇ ಮಾಡಿದ್ದಾರೆ ಬಿಡಿ.

ತಕರಾರು ಇರೋದು ಅಂಗಡಿಯ ಹಿಂದಿನ ಗೋಡೆ ಬಗ್ಗೆ. ಟಾಯ್ಲೆಟ್ಟಿಗೆ ಹೋಗಬೇಕೆಂದರೆ ಅದನ್ನು ದಾಟಿಯೇ ಹೋಗಬೇಕು. ಮೇಲಿಂದ ಕೆಳಗಿನವರೆಗೂ ಕಾನ್ಫೆಡರೇಟ್ ಬಾವುಟದ ಸಾಮಾನು, ಅಂದರೆ 1861-65ರ ಅಂತರ್ಯುದ್ಧದಲ್ಲಿ ಅಮೆರಿಕದಿಂದ ಬೇರೆಯಾಗಿ ಹೋರಾಡಿದ ದಕ್ಷಿಣದ ರಾಜ್ಯಗಳದ್ದು. ಕೆಂಪು ಬಟ್ಟೆ ಮೇಲೆ ನೀಲಿ ಅಡ್ಡಪಟ್ಟಿ, ಅದರ ಮೇಲೆ ಬಿಳಿ ನಕ್ಷತ್ರ, ನೋಡಿರುತ್ತೀರಿ. ಮಗ್ಗು, ಕೀಚೈನು, ಟೋಪಿ, ಬೀಚ್ ಟವೆಲ್ಲು, ಬಿಕಿನಿ, ಕೊನೆಗೆ ಕೂಸಿನ ಜೊಲ್ಲುಬಟ್ಟೆ ಕೂಡ. ನಾಲ್ಕನೇ ಕ್ಲಾಸಿನ ನನ್ನ ಮಗ ಅಲ್ಲೇ ನಿಂತು ನಕ್ಷತ್ರ ಎಣಿಸಿದ. "ಅಪ್ಪಾ, ಹದಿಮೂರಿದೆ. ಹದಿಮೂರು ಕಾಲನಿಗಳದ್ದಾ?" ಅಂದ. ಪಾಪ, ಅಮೆರಿಕ ಶುರುವಾಗಿದ್ದು ಹದಿಮೂರು ಬ್ರಿಟಿಷ್ ಕಾಲನಿಗಳಿಂದ, ಅವನು ಶಾಲೆಯಲ್ಲಿ ಓದಿದ್ದು ಅದನ್ನೇ. ಅಲ್ಲಪ್ಪ, ಗುಲಾಮಗಿರಿ ಉಳಿಸಿಕೊಳ್ಳೋಕೆ ಅಂತ ದೇಶ ಬಿಟ್ಟು ಹೋದ 11 ರಾಜ್ಯಗಳು, ಜೊತೆಗೆ ಅವರು ನಮ್ಮವೇ ಅಂತ ಲೆಕ್ಕಕ್ಕೆ ಸೇರಿಸಿಕೊಂಡ ಕೆಂಟಕಿ ಮತ್ತು ಮಿಸ್ಸೌರಿ ಅಂತ ಹೇಳೋಷ್ಟರಲ್ಲಿ ಕೈಯಲ್ಲಿದ್ದ ಕಡಲೆಕಾಯಿ ಆರಿ ತಣ್ಣಗಾಯಿತು.

ಈಗ ಬಾವುಟದ ವಿಷಯ. ಕೊಂಡುಕೊಂಡಿಲ್ಲ, ಆದರೆ ಬಿಡಿಸಿ ಸರಿಯಾಗಿ ನೋಡಿದ್ದೇನೆ. 3 ಅಡಿ ಅಗಲ, 5 ಅಡಿ ಉದ್ದ, 14 ಡಾಲರ್. ತೆಳ್ಳಗಿನ ಪಾಲಿಯೆಸ್ಟರ್, ಬೆಳಕಿಗೆ ಹಿಡಿದರೆ ಆಚೆ ಕಡೆ ನಿಂತವರು ಕಾಣುತ್ತಾರೆ. ಹೊಲಿಗೆ ಅಂಚಿನಲ್ಲಿ ಮಾತ್ರ, ನಕ್ಷತ್ರವೆಲ್ಲ ಪ್ರಿಂಟು. ಮೂಲೆಯಲ್ಲಿ 'ಮೇಡ್ ಇನ್ ಚೈನಾ'. ಅದಕ್ಕೆ ಯಾರನ್ನೂ ಆಡಿಕೊಳ್ಳಲ್ಲ, ನಾನು ಹಾಕಿಕೊಂಡಿದ್ದ ಅಂಗಿಯೂ ಅಲ್ಲಿಯದೇ. ಆದರೆ ಪೊಟ್ಟಣದ ಮೇಲಿನ ಚೀಟಿಯಲ್ಲಿ 'ಕಾನ್ಫೆಡರೆಸಿಯ ರಾಷ್ಟ್ರಧ್ವಜ, 1861-1865' ಅಂತ ಬರೆದಿದ್ದಾರೆ. ಅದು ಶುದ್ಧ ತಪ್ಪು.

ಇದು ಆ ಸರ್ಕಾರದ ರಾಷ್ಟ್ರಧ್ವಜ ಆಗಿದ್ದೇ ಇಲ್ಲ. ನಕ್ಷೆ ಮಾಡಿದ್ದು ಇದೇ ಸೌತ್ ಕೆರೊಲಿನಾದ ವಿಲಿಯಂ ಪೋರ್ಷರ್ ಮೈಲ್ಸ್ ಅನ್ನೋ ರಾಜಕಾರಣಿ. 1861ರಲ್ಲಿ ಅವನು ಇದನ್ನು ಮುಂದಿಟ್ಟಾಗ ಬೇಡ ಅಂದುಬಿಟ್ಟರು, 'ಸ್ಟಾರ್ಸ್ ಅಂಡ್ ಬಾರ್ಸ್' ಅನ್ನೋ ಬೇರೆ ಬಾವುಟವನ್ನು ಆರಿಸಿಕೊಂಡರು. ಅದೋ ಅಮೆರಿಕದ ಬಾವುಟದ ಥರವೇ ಇತ್ತು. ಅದೇ ವರ್ಷ ವರ್ಜೀನಿಯಾದ ಮನಾಸಸ್‌ನಲ್ಲಿ ನಡೆದ ಯುದ್ಧದಲ್ಲಿ ಹೊಗೆಯ ನಡುವೆ ಯಾರು ನಮ್ಮವರು ಯಾರು ಆಚೆಯವರು ಅಂತ ಗೊತ್ತಾಗದೆ ಗೊಂದಲ ಆಯಿತು. ಆಮೇಲೆ ಮೈಲ್ಸ್‌ನ ನಕ್ಷೆ ರಣರಂಗದ ಗುರುತಾಗಿ ಬಂತು, ವರ್ಜೀನಿಯಾದ ಸೈನ್ಯಕ್ಕೆ. ಅದೂ ಚೌಕಾಕಾರದ್ದು, ಕಾಲಾಳು ಪಡೆಯದ್ದು ಪ್ರತಿ ಬದಿಗೆ 48 ಇಂಚು. ಉದ್ದನೆಯದು ಇರಲೇ ಇಲ್ಲ ಅಂತಲ್ಲ, ನೌಕಾಪಡೆಯಲ್ಲಿ ಇತ್ತು, ಯುದ್ಧದ ಕೊನೆ ಹೊತ್ತಿಗೆ ಟೆನೆಸ್ಸಿ ಸೈನ್ಯದಲ್ಲೂ ಇತ್ತು. ಆದರೆ ಗೋಡೆ ತುಂಬಾ ತೂಗುಹಾಕಿರೋದು ಚೀಟಿ ಹೇಳೋ ಬಾವುಟವಂತೂ ಅಲ್ಲ.

ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದ ಅಜ್ಜಿಗೆ ಇದನ್ನು ಮೆತ್ತಗೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ, ಮಗನಿಗೆ ಒಂದು ಪೀಚ್ ಬಿಟ್ಟಿ ಕೊಟ್ಟರು. "ಹನಿ, ಇದು ದ್ವೇಷ ಅಲ್ಲ, ಪರಂಪರೆ" ಅಂದರು. ಅವರ ಮುತ್ತಜ್ಜನ ಅಪ್ಪ ವರ್ಜೀನಿಯಾದಲ್ಲಿ ಸತ್ತನಂತೆ. ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ. ಆದರೆ ಆ ಮನುಷ್ಯನ ಹೆಸರು, ಅವನಿದ್ದ ಪಡೆ, ಒಂದು ಫೋಟೋ, ಒಂದು ಪುಸ್ತಕ, ಏನೂ ಆ ಗೋಡೆಯಲ್ಲಿಲ್ಲ. ಬಿಕಿನಿ ಇದೆ. ಇನ್ನೊಂದು, 1860ರ ಜನಗಣತಿಯಲ್ಲಿ ಈ ರಾಜ್ಯದ 7 ಲಕ್ಷ ಚಿಲ್ಲರೆ ಜನರಲ್ಲಿ 4 ಲಕ್ಷಕ್ಕೂ ಜಾಸ್ತಿ ಮಂದಿ ಗುಲಾಮರು. ಅವರ ಮರಿಮೊಮ್ಮಕ್ಕಳೂ ಇಲ್ಲಿಯವರೇ ಅಲ್ವಾ? ಪರಂಪರೆ ಅಂದಾಗ ಅರ್ಧಕ್ಕಿಂತ ಜಾಸ್ತಿ ಜನರನ್ನು ಲೆಕ್ಕದಿಂದ ತೆಗೆದುಹಾಕಿದ ಹಾಗಾಯಿತು.

ನನಗೆ ಅನ್ನಿಸೋದು ಇಷ್ಟು. ಈ ಅಂಗಡಿ 1861ರ ಹೆಸರು ಹೇಳಿ 1960ರ ಬಾವುಟ ಮಾರುತ್ತಿದೆ. 1948ರಲ್ಲಿ ಈ ರಾಜ್ಯದ ಗವರ್ನರ್ ಸ್ಟ್ರಾಮ್ ಥರ್ಮಂಡ್ ಕರಿಯರಿಗೆ ಸಮಾನ ಹಕ್ಕು ಬೇಡ ಅಂತ ಪಕ್ಷ ಬಿಟ್ಟು ಅಧ್ಯಕ್ಷ ಚುನಾವಣೆಗೆ ನಿಂತಾಗ ಬೆಂಬಲಿಗರು ಬೀಸಿದ್ದು ಇದನ್ನೇ. 1956ರಲ್ಲಿ ಜಾರ್ಜಿಯಾ ತನ್ನ ರಾಜ್ಯಧ್ವಜದೊಳಗೆ ಸೇರಿಸಿಕೊಂಡಿತು. ರಾಜಧಾನಿ ಕೊಲಂಬಿಯಾದ ಸ್ಟೇಟ್ ಹೌಸ್ (ಶಾಸನಸಭೆಯ ಕಟ್ಟಡ) ಗುಮ್ಮಟದ ಮೇಲೆ ಇದು ಏರಿದ್ದು 1961ರಲ್ಲಿ, ಯುದ್ಧ ಶುರುವಾಗಿ ನೂರು ವರ್ಷ ಆಯಿತು ಅಂತ ನೆಪ. ನೂರು ವರ್ಷದ ಸಂಭ್ರಮ ಮುಗಿದ ಮೇಲೂ ಇಳಿಸಲಿಲ್ಲ. 2000ದಲ್ಲಿ ಗುಮ್ಮಟದಿಂದ ಇಳಿಸಿ ಮುಂದಿನ ಹುಲ್ಲುಹಾಸಿನಲ್ಲಿ ಕಂಬ ನೆಟ್ಟು ಕಟ್ಟಿದರು.

ಆ ಕಂಬದ ಕಥೆ ಕೇಳಿ. 2015ರ ಜೂನ್ 17ರ ರಾತ್ರಿ ಚಾರ್ಲ್ಸ್‌ಟನ್ನಿನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಓದುತ್ತಾ ಕೂತಿದ್ದ 9 ಮಂದಿ ಕರಿಯರನ್ನು ಒಬ್ಬ ಬಿಳಿಯ ಹುಡುಗ ಗುಂಡಿಟ್ಟು ಕೊಂದ. ಇದೇ ಬಾವುಟ ಹಿಡಿದು ತೆಗೆಸಿಕೊಂಡ ಅವನ ಫೋಟೋಗಳು ಸಿಕ್ಕವು. ಶೋಕಕ್ಕೆ ಅಂತ ಗುಮ್ಮಟದ ಮೇಲಿನ ದೇಶದ ಬಾವುಟ, ರಾಜ್ಯದ ಬಾವುಟ ಎರಡನ್ನೂ ಅರ್ಧಕ್ಕೆ ಇಳಿಸಿದರು. ಇದು ಮಾತ್ರ ತುದಿಯಲ್ಲೇ ಹಾರುತ್ತಿತ್ತು, ಯಾಕೆಂದರೆ ಕಂಬಕ್ಕೆ ರಾಟೆಯೇ ಇರಲಿಲ್ಲ, ಇದ್ದರೆ ಪೂರ್ತಿ ಮೇಲೆ, ಇಲ್ಲವಾದರೆ ಪೂರ್ತಿ ಕೆಳಗೆ, ಮತ್ತು ಕೆಳಗಿಳಿಸೋಕೆ ಶಾಸನಸಭೆಯೇ ಒಪ್ಪಬೇಕಿತ್ತು. ಹತ್ತು ದಿನ ಆದಮೇಲೆ ಬ್ರೀ ನ್ಯೂಸಮ್ ಅನ್ನೋ ಹೆಣ್ಣುಮಗಳು ತಾನೇ ಕಂಬ ಹತ್ತಿ ಕಿತ್ತುಕೊಂಡು ಇಳಿದಳು. ಪೊಲೀಸರು ಹಿಡಿದುಕೊಂಡು ಹೋದರು, ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ಕಟ್ಟಿದರು. ಕಾನೂನು ಪ್ರಕಾರ ಇಳಿದದ್ದು ಜುಲೈ 10ಕ್ಕೆ. ಈ ಅಂಗಡಿಗೆ ಹೋದ ದಿನವೇ ಬೆಳಗ್ಗೆ ನಾವು ಆ ಜಾಗಕ್ಕೂ ಹೋಗಿ ಬಂದಿದ್ದೆವು. ಈಗ ಅಲ್ಲಿ ಸೈನಿಕನ ಸ್ಮಾರಕ ಇದೆ, ಮುಂದೆ ಬರೀ ಹುಲ್ಲು.

ಅಂಗಡಿಯವರು ಮಾರಬಾರದು ಅಂತ ನಾನು ಹೇಳುತ್ತಿಲ್ಲ. ಅದು ಅವರ ಗೋಡೆ, ಇಲ್ಲಿನ ಕಾನೂನಿನಲ್ಲಿ ತಪ್ಪೂ ಇಲ್ಲ. 2015ರಲ್ಲಿ ವಾಲ್‌ಮಾರ್ಟ್, ಅಮೆಜಾನ್ ಮಾರೋದು ನಿಲ್ಲಿಸಿದ ಮೇಲೆ ತಮ್ಮಲ್ಲಿ ವ್ಯಾಪಾರ ಜಾಸ್ತಿ ಆಯಿತು ಅಂತ ಅಜ್ಜಿಯೇ ನಗುತ್ತಾ ಹೇಳಿದರು. ಕನಿಷ್ಠ ಚೀಟಿಯನ್ನಾದರೂ ಸರಿಮಾಡಲಿ.

ಮಿಕ್ಕಿದ್ದ ಒಂದು ಕಪ್ ಕಡಲೆಕಾಯಿಯನ್ನು ಸೋಮವಾರ ಆಫೀಸಿಗೆ ಒಯ್ದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಆ ಕಡೆಯವರೇ, ಕರಿಯರು. ಯಾವ ಅಂಗಡಿ ಅಂತ ನಾನು ಹೇಳೋಕೆ ಮುಂಚೆಯೇ ಗೊತ್ತಾಯಿತು ಅವರಿಗೆ. ಇಪ್ಪತ್ತು ವರ್ಷದಿಂದ ಅದರ ಮುಂದೆಯೇ ಓಡಾಡಿದ್ದಾರೆ, ಒಂದು ದಿನವೂ ಗಾಡಿ ನಿಲ್ಲಿಸಿಲ್ಲ. ಕಪ್ಪಿಗೆ ಕೈ ಹಾಕಿ ನಾಲ್ಕು ತಿಂದು, ಉಪ್ಪು ಹದವಾಗಿದೆ ಅಂದರು, ಅಷ್ಟೇ.

ಕಡಲೆಕಾಯಿಗೆ ಐದು, ಪೀಚಿಗೆ ನಾಲ್ಕು, ಬಾವುಟಕ್ಕೆ ಒಂದು, ಅದೂ ಅಂಚಿನ ಹೊಲಿಗೆಗೆ. ಟಾಯ್ಲೆಟ್ಟು ಕ್ಲೀನಾಗಿದೆ. 10 ಡಾಲರಿಗಿಂತ ಕಡಿಮೆ ಆದರೆ ಕಾರ್ಡ್ ತಗೊಳ್ಳಲ್ಲ, ಚಿಲ್ಲರೆ ಇಟ್ಟುಕೊಂಡು ಹೋಗಿ. ಭಾನುವಾರ ಬೆಳಗ್ಗೆ ಹೋಗಬೇಡಿ, ಚರ್ಚ್ ಮುಗಿಸಿಕೊಂಡು ಬಂದೇ ಬಾಗಿಲು ತೆಗೆಯೋದು.