ಬೆಂಕಿ ಹತ್ತದಿದ್ದರೂ ಆ ಹೊಗೆ ಅಪಾಯಕಾರಿ

ವಿದ್ಯುತ್ ಉಪಕರಣ ಅತಿಯಾಗಿ ಕಾದು ಸುಟ್ಟ ವಾಸನೆ ಬಂದಾಗ ಸ್ವಿಚ್ ಆರಿಸಿ, ಸದ್ಯ ಬೆಂಕಿ ಹತ್ತಲಿಲ್ಲವಲ್ಲ ಎಂದು ಸಮಾಧಾನಪಟ್ಟು ಅದೇ ಕೋಣೆಯಲ್ಲಿ ಉಳಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲೂ ಬೆಂಕಿ ಹತ್ತಿರಲಿಲ್ಲ. ಆದರೂ ಆಸ್ತಮಾ ಇರುವ ನನ್ನ ತಾಯಿಯನ್ನು ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಡಿಸಬೇಕಾಯಿತು.

ಅವರು ಮಲಗುವ ಕೋಣೆಯಲ್ಲಿ ರೂಮ್ ಹೀಟರನ್ನು ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಲಾಗಿತ್ತು. ಕಿಟಕಿ, ಬಾಗಿಲು ಎರಡೂ ಮುಚ್ಚಿದ್ದವು. ಮೊದಲು ಬಂದದ್ದು ಹೊಗೆಯಲ್ಲ, ಮೀನಿನಂಥ ವಾಸನೆ. ಪ್ಲಗ್, ಸಾಕೆಟ್‌ಗಳಿಗೆ ಬಳಸುವ ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಕಾದಾಗ ಇಂಥ ವಾಸನೆಯೇ ಬರುತ್ತದೆ. ಪ್ಲಗ್ ಕಿತ್ತಾಗ ಅದರ ಒಂದು ಪಿನ್ ಕಪ್ಪಾಗಿತ್ತು, ಬೋರ್ಡಿನ ರಂಧ್ರದ ಸುತ್ತ ಪ್ಲಾಸ್ಟಿಕ್ ಕಂದಾಗಿ ಗುಳ್ಳೆಯೆದ್ದು ಪಿನ್ನಿಗೆ ಅಂಟಿಕೊಂಡಿತ್ತು. ಇಷ್ಟಾದರೂ ಎಂಸಿಬಿ (ವಿದ್ಯುತ್ ಹರಿವು ಮಿತಿ ಮೀರಿದರೆ ತಾನಾಗಿಯೇ ಆರುವ ಸ್ವಿಚ್) ಬಿದ್ದಿರಲಿಲ್ಲ, ಬೀಳಬೇಕಾದ ಕಾರಣವೂ ಇರಲಿಲ್ಲ: ಸಂಪರ್ಕ ಸಡಿಲವಾದ ಜಾಗದಲ್ಲಿ ಪ್ರತಿರೋಧ ಹೆಚ್ಚಿ ವಿಪರೀತ ಶಾಖ ಹುಟ್ಟುತ್ತದೆಯೇ ಹೊರತು, ಹರಿಯುವ ವಿದ್ಯುತ್ತಿನ ಪ್ರಮಾಣ ಮಿತಿಯೊಳಗೇ ಇರುತ್ತದೆ.

ಎಲ್ಲರ ಕಣ್ಣೂ ಉರಿದವು, ಗಂಟಲು ಕೆರೆಯಿತು. ತಾಯಿಗೆ ಸ್ವಲ್ಪ ಕೆಮ್ಮು ಬಂದು ನಿಂತಿತು. ಏದುಸಿರು ಶುರುವಾದದ್ದು ಬೆಳಗಿನ ಜಾವ. ತಡವಾಗಿ ಕಾಣಿಸಿಕೊಳ್ಳುವ ಈ ತೊಂದರೆಯ ಬಗ್ಗೆಯೇ ನಾನು ಮುಖ್ಯವಾಗಿ ಎಚ್ಚರಿಸಬೇಕಾಗಿರುವುದು. ತಂತಿಯ ಹೊದಿಕೆಯಲ್ಲಿರುವ ಪಿವಿಸಿ ಎಂಬ ಪ್ಲಾಸ್ಟಿಕ್ ಅತಿಯಾಗಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ. ಅದು ಕಣ್ಣು, ಗಂಟಲು, ಶ್ವಾಸನಾಳಗಳ ತೇವದಲ್ಲಿ ಕರಗಿ ಹೈಡ್ರೋಕ್ಲೋರಿಕ್ ಆಮ್ಲವಾಗಿ ಒಳಪದರವನ್ನು ಸುಡುತ್ತದೆ. ಆಸ್ತಮಾ ಇರುವವರಿಗೆ ಅಲ್ಪ ಪ್ರಮಾಣವೂ ಶ್ವಾಸನಾಳ ಬಿಗಿಯಲು ಸಾಕಾಗಬಹುದು. ಹೆಚ್ಚು ಹೊಗೆ ಕುಡಿದವರಲ್ಲಿ, ಆರಂಭದಲ್ಲಿ ಚೆನ್ನಾಗಿದ್ದಂತೆ ಕಂಡರೂ, ಕೆಲವು ಗಂಟೆಗಳ ಬಳಿಕ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವಿದೆ. ನಾನ್‌ಸ್ಟಿಕ್ ಲೇಪನವಿರುವ ಉಪಕರಣಗಳ ಮಾತೂ ಹೀಗೆಯೇ: ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಆ ಲೇಪನ ಕೆಡಲಾರಂಭಿಸುತ್ತದೆ, ಇನ್ನೂ ಕಾದರೆ ಅದರ ಹೊಗೆಯಿಂದ ಕೆಲವು ಗಂಟೆಗಳ ನಂತರ ಚಳಿಜ್ವರ, ಎದೆಬಿಗಿತ ಕಾಣಿಸಿಕೊಳ್ಳುತ್ತದೆ. ಪಂಜರದ ಹಕ್ಕಿಗಳು ಇದರಿಂದ ಸತ್ತೇ ಹೋಗುತ್ತವೆ.

ಇಂಥ ವಾಸನೆ ಬಂದ ಕೂಡಲೇ ಮಕ್ಕಳು, ವಯಸ್ಸಾದವರು, ಗರ್ಭಿಣಿಯರನ್ನು ಮೊದಲು ಹೊರಗೆ ಕಳುಹಿಸಿ. ಹೊಗೆಯೊಳಗೆ ನುಗ್ಗದೆ ಸಾಧ್ಯವಾದರೆ ಮಾತ್ರ ಮೇನ್ ಸ್ವಿಚ್ ಆರಿಸಿ, ಕಿಟಕಿಗಳನ್ನು ತೆರೆಯಿರಿ, ನೀರು ಎರಚಬೇಡಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರೆ ಈ ಅನಿಲಗಳು ನಿಲ್ಲುತ್ತವೆಂದು ನಂಬಬೇಡಿ. ವಾಸನೆ ಕಡಿಮೆಯಾಯಿತೆಂದು ಕೂಡಲೇ ಒಳಗೆ ಹೋಗಿ ಮಲಗುವುದೂ ಸರಿಯಲ್ಲ, ಏಕೆಂದರೆ ಮೂಗು ಬೇಗನೆ ವಾಸನೆಗೆ ಒಗ್ಗಿಕೊಳ್ಳುತ್ತದೆ, ಪ್ಲಾಸ್ಟಿಕ್ ಕಮರುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ತಲೆನೋವು, ವಾಕರಿಕೆ, ಮಂಪರು, ಉಸಿರಾಡುವಾಗ ಸುಂಯ್‌ಗುಟ್ಟುವ ಸದ್ದು, ಇವುಗಳಲ್ಲಿ ಯಾವುದೊಂದು ಕಂಡರೂ ಆಸ್ಪತ್ರೆಗೆ ಹೋಗಿ, ಏನು ಸುಟ್ಟಿತು, ಮುಚ್ಚಿದ ಕೋಣೆಯಲ್ಲಿ ಎಷ್ಟು ಹೊತ್ತು ಇದ್ದಿರಿ ಎಂಬುದನ್ನು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಮನೆಯ ಆಕ್ಸಿಮೀಟರ್ ಶೇ. 98 ತೋರಿಸಿತೆಂದು ಕಾಯುತ್ತ ಕೂರಬೇಡಿ. ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿದ್ದರೆ ಅದನ್ನೂ ಆಮ್ಲಜನಕವೆಂದೇ ಲೆಕ್ಕ ಹಾಕುವ ಉಪಕರಣ ಅದು.