ವಾಕಿಟಾಕಿ ಬಾಡಿಗೆಗೆ ತರುವವರೇ, ಮೊದಲು ಬ್ಯಾಟರಿ ಕಳಚಿ ನೋಡಿ

ಮಂಗಳೂರಿನಲ್ಲಿ ಚಾರಣಕ್ಕೆ ಅಂತ ವಾಕಿಟಾಕಿ ಬಾಡಿಗೆಗೆ ತರುವವರು ಇದನ್ನೊಮ್ಮೆ ಓದಿ. ಅಂಗಡಿಯ ಹೆಸರು ಹಾಕುವುದಿಲ್ಲ, ನನ್ನ ಡಿಪಾಸಿಟ್ ಇನ್ನೂ ಅವರ ಕೈಯಲ್ಲೇ ಉಂಟು.

ನಾವು ಬಂಡಾಜೆಗೆ ಹೊರಟವರು. ದೊಡ್ಡ ಗುಂಪು. ಮುಂದಿನವರು ಹೋಗಿಯೇ ಬಿಡುತ್ತಾರೆ, ಹಿಂದಿನವರು ಫೋಟೋ ತೆಗೆಯುತ್ತಾ ಹಿಂದೆಯೇ. ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ, ಅದಕ್ಕೇ ವಾಕಿಟಾಕಿ ಬೇಕು ಎಂದು ಅಂಗಡಿಯವರಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ. "ಆಲ್ ಇಂಡಿಯಾ ರೇಂಜ್ ಸರ್, ಇಲ್ಲಿಂದ ದಿಲ್ಲಿಗೂ ಮಾತಾಡ್ಬಹುದು" ಅಂದರು. ಸುರತ್ಕಲ್‌ನಲ್ಲಿದ್ದ ತಮ್ಮ ಹುಡುಗನ ಹತ್ತಿರ ಮಾತಾಡಿಸಿ ತೋರಿಸಿದರು ಬೇರೆ. ಪಕ್ಕದಲ್ಲೇ ನಿಂತ ಹಾಗೆ ಸ್ವರ.

ಕಾಡು ಹೊಕ್ಕ ಮೇಲೆ ಗುಂಡಿ ಒತ್ತಿದರೆ 'ಟೊಂಯ್' ಅಂತೊಂದು ಸದ್ದು. ಅಷ್ಟೇ. ಮತ್ತೆ ಒತ್ತಿದೆ, ಮತ್ತೆ 'ಟೊಂಯ್'. "ದಿಲ್ಲಿ ಸಿಕ್ಕಿತಾ ಮಾರಾಯ?" ಅಂತ ಗುಂಪಿನವರ ನಗೆ. ಹಿಂದೆ ಒಬ್ಬರ ಕಾಲು ಉಳುಕಿತ್ತು, ನಮಗೆ ಗೊತ್ತಾದದ್ದು ಹುಡುಗನೊಬ್ಬ ಏದುಸಿರು ಬಿಡುತ್ತಾ ಓಡಿ ಬಂದು ಹೇಳಿದಾಗ. ಸಿಟ್ಟಿನಲ್ಲಿ ಬ್ಯಾಟರಿ ಕಳಚಿದೆ. ಒಳಗೆ ಸಿಮ್! ಮೊಬೈಲಿನ ಸಿಮ್ ಮಾರ್ರೆ!

ಇದಕ್ಕೆ ಪಿಒಸಿ ಸೆಟ್ ಅಂತಾರೆ. ನೋಡಲಿಕ್ಕೆ ವಾಕಿಟಾಕಿ, ಮಾತು ಹೋಗುವುದು ಮೊಬೈಲ್ ಟವರಿನ ಮೂಲಕ. ಊರೊಳಗೆ ಎಲ್ಲಿಂದ ಎಲ್ಲಿಗೂ ಸಿಗುತ್ತದೆ. ಟವರ್ ಇಲ್ಲದಲ್ಲಿ ಅದೂ ಇಲ್ಲ. ಯಾವ ಕಾರಣಕ್ಕೆ ಬಾಡಿಗೆ ಕೊಟ್ಟೆವೋ ಅದೇ ಇಲ್ಲ!

ವಾಪಸ್ ಬಂದು ಕೇಳಿದ್ದಕ್ಕೆ ಉತ್ತರ ನೋಡಿ. "ಸೆಟ್ ಸರಿ ಉಂಟು ಸರ್, ಟವರ್ ಇಲ್ಲದ್ದಕ್ಕೆ ನಾವೆಂತ ಮಾಡುದು?" ಸಿಗ್ನಲ್ ಇಲ್ಲ ಅಂತ ನಾನು ಮೊದಲೇ ಹೇಳಿದ್ದೆನಲ್ಲ? "ಸಿಮ್ ಇಲ್ಲದ್ದು ಬೇಕು ಅಂತ ಹೇಳ್ಲಿಲ್ಲ ನೀವು." ಹೇಗುಂಟು!

ಆಮೇಲೆ ಸಮಾಧಾನ ಮಾಡುವವರ ಹಾಗೆ, "ಮುಂದಿನ ಸಲ ಐದು ವ್ಯಾಟ್‌ದು ಕೊಡ್ತೇನೆ, ಪವರ್‌ಫುಲ್, ಯಾರೂ ಹಿಡಿಯುದಿಲ್ಲ" ಅಂದರು. ಲೈಸೆನ್ಸ್ ಇಲ್ಲದೆ ಅಂಥ ಸೆಟ್ ಬಳಸಿದರೆ ಸಿಕ್ಕಿಬೀಳುವುದು ನಾವು, ಅವರಲ್ಲ. ಲೈಸೆನ್ಸ್ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್‌ನಂಥ ನಿಗದಿತ ಬ್ಯಾಂಡಿನ ಕಡಿಮೆ ಪವರಿನ ಸೆಟ್ಟಿಗೆ ಮಾತ್ರ, ಅದಕ್ಕೂ ಇಟಿಎ, ಅಂದರೆ ಆ ಮಾದರಿಯ ಸೆಟ್ಟಿಗೆ ಸರಕಾರದ ಒಪ್ಪಿಗೆ ಇದೆ ಎನ್ನುವ ಸರ್ಟಿಫಿಕೇಟ್ ಇರಬೇಕು. ಆನ್‌ಲೈನಿನಲ್ಲಿ ಈ ವಿವರ ಹಾಕದೆ ಮಾರಬಾರದೆಂದು 2025ರಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಯಮವನ್ನೇ ತಂದಿದೆ. ಈ ಮನುಷ್ಯನ ಹತ್ತಿರ ಕೇಳಿದರೆ "ಅದೆಲ್ಲ ಕಂಪನಿಯವರ ಹತ್ರ ಇರ್ತದೆ."

ನೀವು ತರುವುದಾದರೆ ಸಿಮ್ ಉಂಟಾ ಅಂತ ನೇರ ಕೇಳಿ, ಇದ್ದರೆ ಕಳಚಿಸಿ ಅಲ್ಲೇ ಮಾತಾಡಿಸಿ. ಕಿಲೋಮೀಟರ್ ಲೆಕ್ಕ ನಂಬಬೇಡಿ, ನಿಜವಾದ ಸೆಟ್ಟಿಗೂ ನಡುವೆ ಗುಡ್ಡ ಬಂದರೆ ಕಷ್ಟವೇ.

ಈಗ ಡಿಪಾಸಿಟ್ ಕೇಳಿದರೆ ಒಂದು ಸೆಟ್ಟಿನ ಬೆಲ್ಟ್ ಕ್ಲಿಪ್ ಮುರಿದಿದೆ ಅಂತೆ. ಕೊಡುವಾಗಲೇ ಆ ಕ್ಲಿಪ್ ಇರಲಿಲ್ಲ, ಫೋಟೋ ಉಂಟು ನನ್ನ ಹತ್ತಿರ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಾಯ್ತು.