ಕೆರೆ ಸುತ್ತೋದಾ, ಹೋಗಿ ವಾಪಸ್ ಬರೋದಾ? ಮನೆಮಂದಿಯ ಜೊತೆ ನಡೆದು ನೋಡಿದ ದಾರಿಗಳು

ನೀರಿನ ಪಕ್ಕದ ದಾರಿ ಅಂದ ಕೂಡಲೇ ಸುಲಭ ಅಂದುಕೊಳ್ಳುತ್ತೇವೆ. ದೊಡ್ಡ ಏರು ಇಲ್ಲ, ದಾರಿ ತಪ್ಪುವ ಭಯ ಇಲ್ಲ. ಗಟ್ಟಿ ಕಾಲಿನವರು ನಾಲ್ಕು ಜನ ಹೊರಟರೆ ಅದು ನಿಜವೇ. ಆದರೆ ಚಿಕ್ಕ ಮಕ್ಕಳು, ಮಂಡಿನೋವಿನ ಅತ್ತೆ, ಮಗುವಿನ ತಳ್ಳುಗಾಡಿ ಎಲ್ಲಾ ಕಟ್ಟಿಕೊಂಡು ಹೋದಾಗ ಒಂದು ದಾರಿಗೂ ಇನ್ನೊಂದಕ್ಕೂ ಅಜಗಜಾಂತರ. ನಾವು ಎಲ್ಲಾ ಬಗೆಯನ್ನೂ ನಡೆದು ನೋಡಿದ್ದೇವೆ. ಆರು ವರ್ಷದೊಳಗಿನ ಮಗು ಜೊತೆಗಿದ್ದರೆ ನನ್ನ ವೋಟು ಪೂರ್ತಿ ಸುತ್ತಿಗಲ್ಲ, ಒಂದೇ ದಡದಲ್ಲಿ ಹೋಗಿ ಬರುವುದಕ್ಕೆ.

ಸುತ್ತು ಹಾಕುವುದರಲ್ಲಿ ಖುಷಿ ಇಲ್ಲ ಅಂತಲ್ಲ. ಹೊರಟ ಜಾಗಕ್ಕೇ ಬಂದು ಸೇರುತ್ತೀರಿ. ನೋಡಿದ್ದನ್ನೇ ಮತ್ತೆ ನೋಡುವ ಬೇಸರ ಇಲ್ಲ. "ಇಡೀ ಕೆರೆ ಸುತ್ತಿದೆ" ಅಂತ ಮಕ್ಕಳು ವಾರಗಟ್ಟಲೆ ಹೇಳಿಕೊಂಡು ತಿರುಗುತ್ತಾರೆ. ಕಣ್ಣು ಮೋಸ ಮಾಡುವುದು ದೂರದ ಲೆಕ್ಕದಲ್ಲಿ. ಆಚೆ ದಡ ಇಲ್ಲೇ ಇದ್ದ ಹಾಗೆ ಕಾಣುತ್ತದೆ. ಆದರೆ ಒಂದು ಕಿಲೋಮೀಟರ್ ಅಗಲದ ಗುಂಡನೆಯ ಕೆರೆಗೂ ಸುತ್ತಳತೆ 3 ಕಿಲೋಮೀಟರಿಗಿಂತ ಜಾಸ್ತಿ. ಅಷ್ಟು ಗುಂಡಗಿರುವ ಕೆರೆ ಎಲ್ಲಿದೆ ಹೇಳಿ? ನೀರು ಎಲ್ಲೆಲ್ಲಿ ಒಳಗೆ ಚಾಚಿದೆಯೋ ಅಲ್ಲೆಲ್ಲಾ ದಾರಿ ಬಳಸಿಕೊಂಡು ಹೋಗುತ್ತದೆ. ಸ್ಲೊವೇನಿಯಾದ ಬ್ಲೆಡ್ ಸರೋವರವನ್ನೇ ತೆಗೆದುಕೊಳ್ಳಿ. ಉದ್ದ 2 ಕಿಲೋಮೀಟರಿಗೆ ಸ್ವಲ್ಪ ಮೇಲೆ, ಅಗಲ ಒಂದೂವರೆಗಿಂತ ಕಡಿಮೆ. ಸುತ್ತಿದರೆ ಮಾತ್ರ ಸುಮಾರು 6 ಕಿಲೋಮೀಟರ್. ಹೆಚ್ಚುಕಮ್ಮಿ ಸಪಾಟಾದ ದಾರಿಯೇ. ಆದರೂ ನಾಲ್ಕು ವರ್ಷದ ಕಾಲಿಗೆ ಆರು ಕಿಲೋಮೀಟರ್ ಅಂದರೆ ಹುಡುಗಾಟವಲ್ಲ.

ಸುತ್ತಿನ ಇನ್ನೊಂದು ಗುಣ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಅರ್ಧ ದಾರಿ ಅಂದರೆ ಕಾರು ನಿಲ್ಲಿಸಿದ ಜಾಗದಿಂದ ಅತೀ ದೂರ. ಮುಂದೆ ಹೋದರೂ ಅಷ್ಟೇ, ಹಿಂದೆ ಬಂದರೂ ಅಷ್ಟೇ. ಮಕ್ಕಳು ಸರಿಯಾಗಿ ಅಲ್ಲೇ ಕೂತುಬಿಡುತ್ತಾರೆ. ನಮ್ಮ ಮಗಳು ಒಮ್ಮೆ ದಾರಿ ಮಧ್ಯದಲ್ಲೇ ಕುಕ್ಕರಿಸಿ, ಎದುರು ದಡದಲ್ಲಿ ಚುಕ್ಕೆಯಷ್ಟು ಕಾಣುತ್ತಿದ್ದ ಕಾರಿನ ಕಡೆ ಬೆರಳು ತೋರಿಸಿದಳು. "ಅಮ್ಮಾ, ನೇರ ನೀರೊಳಗೇ ಹೋಗೋಣ, ಬೇಗ ಆಗುತ್ತೆ." ಅವಳ ಲೆಕ್ಕ ಸರಿಯಾಗೇ ಇತ್ತು! ಉಳಿದ ದಾರಿಯೆಲ್ಲಾ ಅವರಪ್ಪನ ಹೆಗಲ ಮೇಲೆ.

ದಾರಿಯ ಮೊದಲರ್ಧ ಚೆನ್ನಾಗಿದೆ ಅಂತ ಉಳಿದರ್ಧವೂ ಹಾಗೇ ಇರಬೇಕಾಗಿಲ್ಲ. ಅಮೆರಿಕದ ಅಕೇಡಿಯಾ ರಾಷ್ಟ್ರೀಯ ಉದ್ಯಾನದಲ್ಲಿ ಜೋರ್ಡನ್ ಪಾಂಡ್ ಅಂತ ಒಂದು ಕೊಳವಿದೆ. ಸುತ್ತು 5 ಕಿಲೋಮೀಟರಿಗೆ ಸ್ವಲ್ಪ ಮೇಲೆ. ಅದರ ಪೂರ್ವದ ದಡದಲ್ಲಿ ಒಳ್ಳೆ ಜಲ್ಲಿ ದಾರಿ. ಪಶ್ಚಿಮದಲ್ಲಿ ಬಂಡೆಗಳ ಮೇಲೆ ಹತ್ತಿಳಿಯಬೇಕು, ಕಿರಿದಾದ ಹಲಗೆಗಳ ಮೇಲೆ ನಡೆಯಬೇಕು. ಇಂಥ ಕಡೆ ತಳ್ಳುಗಾಡಿ ತಂದವರು ಏನು ಮಾಡಬೇಕು? ಮಗುವನ್ನು ಒಬ್ಬರು, ಗಾಡಿಯನ್ನು ಒಬ್ಬರು ಹೊರಬೇಕು, ಇಲ್ಲಾ ಬಂದಷ್ಟೂ ದೂರ ತಿರುಗಿ ನಡೆಯಬೇಕು. ಅದಕ್ಕೇ ಸುತ್ತು ಹಾಕುವ ಮೊದಲು ಆಚೆ ದಡ ಹೇಗಿದೆ ಅಂತ ವಿಚಾರಿಸಲೇಬೇಕು.

ಹೋಗಿ ಬರುವ ದಾರಿಯಲ್ಲಿ ಈ ತಲೆನೋವಿಲ್ಲ. ಮಗುವಿನ ಮುಖ ಬಾಡಿತಾ, ಮೋಡ ಕಟ್ಟಿತಾ, ಅಲ್ಲಿಂದಲೇ ತಿರುಗಿ. ಬಂದ ದಾರಿಗೆ ಸುಂಕವಿಲ್ಲ. ಕೆಸರೆಲ್ಲಿದೆ, ಮರದ ಬೇರು ಎಲ್ಲಿ ಎದ್ದಿದೆ ಅನ್ನೋದು ವಾಪಸ್ ಬರುವಾಗ ಗೊತ್ತೇ ಇರುತ್ತದೆ. ನಮ್ಮತ್ತೆಗಂತೂ ಇದೇ ಇಷ್ಟ. ಬೇಕಾದಷ್ಟು ದೂರ ಬಂದು, ಒಂದು ಮರದ ಕೆಳಗೆ ಕೂತು, ನಾವು ತಿರುಗಿ ಬರುವಾಗ ಜೊತೆ ಸೇರಿಕೊಳ್ಳುತ್ತಾರೆ. ಸುತ್ತಿನಲ್ಲಿ ಹೀಗೆ ಯಾರನ್ನೂ ಬಿಟ್ಟು ಹೋಗೋಕಾಗಲ್ಲ, ಅಲ್ವಾ?

ಇಲ್ಲಿ ಗಾಳಿಯನ್ನೂ ನಮಗೆ ಬೇಕಾದ ಹಾಗೆ ಬಳಸಿಕೊಳ್ಳಬಹುದು. ನೀರಿನ ಮೇಲೆ ಗಾಳಿಗೆ ಮರಗಿಡದ ಅಡ್ಡಿ ಇಲ್ಲ, ಬಯಲು ದಂಡೆಯಲ್ಲಿ ಚೆನ್ನಾಗೇ ಬೀಸುತ್ತದೆ. ಕಾಲಲ್ಲಿ ಕಸುವಿರುವಾಗ ಎದುರುಗಾಳಿಗೆ ಹೋಗಿ, ಸುಸ್ತಾದ ಮೇಲೆ ಗಾಳಿಗೆ ಬೆನ್ನು ಕೊಟ್ಟು ಬನ್ನಿ. ಸಮಯದ ಲೆಕ್ಕಕ್ಕೆ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ ಸೂತ್ರ ಇವತ್ತಿಗೂ ಚಾಲ್ತಿಯಲ್ಲಿದೆ. ಗಂಟೆಗೆ ಸುಮಾರು 5 ಕಿಲೋಮೀಟರ್, 600 ಮೀಟರ್ ಏರಿಗೆ ಇನ್ನೊಂದು ಗಂಟೆ ಸೇರಿಸಿ ಅಂತ. ಪಾಪ, ಅವರು ಹೇಳಿದ್ದು ಗಟ್ಟಿಮುಟ್ಟಾದ ದೊಡ್ಡವರಿಗೆ. ನಮ್ಮ ಪಟಾಲಂ ಗಂಟೆಗೆ ಎರಡು ಕಿಲೋಮೀಟರ್ ನಡೆದರೆ ದೊಡ್ಡದು. ಹಾಗಾಗಿ ಇರುವ ಹೊತ್ತಿನ ಮೂರನೇ ಒಂದು ಭಾಗ ಮುಗಿದ ಕೂಡಲೇ ನಾವು ತಿರುಗುತ್ತೇವೆ. ಉಳಿದದ್ದು ಕಲ್ಲು ಎಸೆಯೋಕೆ, ಜಗಳ ಬಿಡಿಸೋಕೆ ಸರಿಹೋಗುತ್ತದೆ.

ದೂರ ಮುಖ್ಯವಲ್ಲ, ಮಕ್ಕಳಿಗೆ ಮಜಾ ಸಿಗಬೇಕು ಅನ್ನುವವರು ಜೌಗಿನ ಮೇಲೆ ಕಟ್ಟಿದ ಹಲಗೆ ದಾರಿ ಹುಡುಕಿ. ಅರ್ಧ ಕಿಲೋಮೀಟರ್ ಇದ್ದರೂ ಸಾಕು. ನಮ್ಮವರಿಬ್ಬರೂ ಹಲಗೆಯ ಮೇಲೆ ಬೋರಲು ಮಲಗಿ, ಸಂದಿಗೆ ಕಣ್ಣಿಟ್ಟುಬಿಡುತ್ತಾರೆ. ಕೆಳಗೆ ಬಿಸಿಲಿನ ಪಟ್ಟೆ ಬಿದ್ದ ಕಡೆ ಗೊದಮೊಟ್ಟೆಗಳು ಗುಂಪು ಕಟ್ಟಿರುತ್ತವೆ. ಅವುಗಳ ಮೇಲೆ ಉದ್ದ ಕಾಲಿನ ಹುಳವೊಂದು ನೀರಲ್ಲಿ ಮುಳುಗದೆ ಜಾರಿಕೊಂಡು ಹೋಗುತ್ತದೆ. ಅಲ್ಲಿಂದ ಎಬ್ಬಿಸೋದೇ ಒಂದು ಕೆಲಸ. ಅಗಲವಾದ ಹಲಗೆ ದಾರಿಯಾದರೆ ಗಾಲಿಕುರ್ಚಿಯೂ ತಳ್ಳುಗಾಡಿಯೂ ಸಲೀಸಾಗಿ ಹೋಗುತ್ತವೆ. ಒಂದೇ ಎಚ್ಚರ ಅಂದರೆ, ಮಳೆ ಬಿದ್ದ ಮೇಲೆ ನೆರಳಲ್ಲಿರುವ ಹಳೇ ಹಲಗೆ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಅಂಚಿಗೆ ಕಟಕಟೆ ಇಲ್ಲದ ಕಡೆ ಓಡೋಕೆ ಬಿಡಬೇಡಿ.

ಕೆರೆ ಏರಿಯ ಮೇಲಿನ ನಡಿಗೆ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ನೇರ, ಸಪಾಟು, ಗಾಡಿ ತಳ್ಳೋಕೆ ಅದರಷ್ಟು ಸುಲಭ ಇನ್ನೊಂದಿಲ್ಲ. ನೆರಳು ಮಾತ್ರ ಸಿಗೋದು ಕಷ್ಟ. ಬೆಳಗ್ಗೆ ಬೇಗ ಅಥವಾ ಸಂಜೆ ಹೋದರೆ ಚೆನ್ನ.

ಯಾವ ದಾರಿಯೇ ಆಗಲಿ, ನೀರಿನ ಕಡೆ ದೊಡ್ಡವರು ನಡೆಯಬೇಕು, ಒಳಗಡೆ ಮಕ್ಕಳು. ಇದರಲ್ಲಿ ನಾನು ಯಾರ ಮಾತೂ ಕೇಳಲ್ಲ.

ಮಕ್ಕಳು ಏಳೆಂಟು ವರ್ಷ ದಾಟಿದ ಮೇಲೆ ನನ್ನ ಮಾತು ಬದಲಾಗುತ್ತದೆ. ಆಗ ಸುತ್ತೇ ಮೇಲು, ಯಾಕೆಂದರೆ ನೋಡಿದ ದಾರಿಯಲ್ಲೇ ವಾಪಸ್ ಬಾ ಅಂದರೆ ಅವರು ಮುಖ ಊದಿಸಿಕೊಳ್ಳುತ್ತಾರೆ. ಮೂರು ಕಿಲೋಮೀಟರಿನೊಳಗಿನ ಸುತ್ತಾದರೆ ಚಿಕ್ಕವರಿಗೂ ಅಡ್ಡಿಯಿಲ್ಲ.

ಕೆರೆ ದೊಡ್ಡದಿದ್ದು ದೋಣಿ ಓಡಾಡುತ್ತಿದ್ದರೆ ಮಾತ್ರ ನಾನು ಎರಡನ್ನೂ ಬಿಡುತ್ತೇನೆ. ಇಂಗ್ಲೆಂಡಿನ ಡರ್ವೆಂಟ್‌ವಾಟರ್ ಸುತ್ತ ನಡೆದರೆ ಸುಮಾರು 16 ಕಿಲೋಮೀಟರ್ ಆಗುತ್ತದೆ. ಆದರೆ ದಡದುದ್ದಕ್ಕೂ ದೋಣಿ ನಿಲ್ಲುವ ಕಟ್ಟೆಗಳಿವೆ, ಒಂದರಿಂದ ಇನ್ನೊಂದಕ್ಕೆ ನಡೆದು ದೋಣಿ ಹತ್ತಬಹುದು. ಇಂಥ ಅನುಕೂಲ ಇರುವ ಕೆರೆಯಲ್ಲಿ ನಾವು ಮೊದಲು ದೋಣಿಯಲ್ಲಿ ಹೋಗಿ, ಆಮೇಲೆ ಕಾರಿನ ಕಡೆಗೆ ನಡೆದು ಬರುತ್ತೇವೆ. ಹಾಗೆ ಮಾಡಿದರೆ ಕೊನೆಯ ದೋಣಿ ತಪ್ಪೀತು ಅಂತ ಮಕ್ಕಳನ್ನು ಓಡಿಸಬೇಕಾಗಿಲ್ಲ.